ಕೆಡವುವುದೊಂದೇ ಮದ್ದೇ? ನವರಂಗಪುರದ ಕ್ರೀಡಾಂಗಣದ ಪರವಾಗಿ

ಹಳೆಯ ಕಟ್ಟಡಗಳ ವಿಷಯದಲ್ಲಿ ನಮ್ಮ ನಗರಗಳಿಗೆ ಎರಡೇ ನೀತಿ ಗೊತ್ತಿರುವಂತಿದೆ: ಮುನ್ನೂರು ವರ್ಷ ಕಳೆದಿದ್ದರೆ ಕೈಮುಗಿಯುವುದು, ಐವತ್ತು-ಅರುವತ್ತು ವರ್ಷವಾಗಿದ್ದರೆ ಕೆಡವುವುದು. ಇವೆರಡರ ನಡುವೆ 'ಬಳಸುವುದು' ಎಂಬ ಮೂರನೆಯ ದಾರಿಯಿದೆ. ಅಹಮದಾಬಾದಿನ ನವರಂಗಪುರದಲ್ಲಿರುವ ಸರ್ದಾರ್ ವಲ್ಲಭಭಾಯ್ ಪಟೇಲ್ ಕ್ರೀಡಾಂಗಣಕ್ಕೆ ಆ ದಾರಿಯೇ ಸಲ್ಲಬೇಕೆಂಬುದು ನಮ್ಮ ವಾದ.

ಊರಿನ ಬಂಧುಗಳಿಗೆ ಅಹಮದಾಬಾದಿನ ಕ್ರೀಡಾಂಗಣವೆಂದರೆ ಮೊಟೇರಾ ಒಂದೇ. ನಾವು ಹೇಳುತ್ತಿರುವುದು ಅದನ್ನಲ್ಲ. ನಗರದ ನಡುವೆ, ಮಹಾನಗರ ಪಾಲಿಕೆಯ ಒಡೆತನದಲ್ಲಿ, ಅರುವತ್ತರ ದಶಕದಲ್ಲಿ ಎದ್ದು ನಿಂತದ್ದು ಈ ಕ್ರೀಡಾಂಗಣ. ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದು. ರಚನಾ ಎಂಜಿನಿಯರ್ ಮಹೇಂದ್ರ ರಾಜ್. ಕಾಗದವನ್ನು ಮಡಿಸಿದರೆ ಅದಕ್ಕೆ ಬಿಗಿ ಬರುತ್ತದೆಯಲ್ಲ, ಅದೇ ತತ್ತ್ವದಿಂದ ಕಾಂಕ್ರೀಟನ್ನು ಮಡಿಕೆಮಡಿಕೆಯಾಗಿ ಎರಕಹೊಯ್ದು, ಪ್ರೇಕ್ಷಕರ ಮುಂದೆ ಒಂದು ಕಂಬವೂ ಅಡ್ಡಬಾರದಂತೆ ಚಾವಣಿಯನ್ನು ಮುಂಚಾಚಿ ನಿಲ್ಲಿಸಿದರು. 1981ರ ನವೆಂಬರ್ 25ರಂದು ಭಾರತದ ನೆಲದ ಮೊತ್ತಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಇಲ್ಲಿಯೇ. ಎದುರಾಳಿ ಇಂಗ್ಲೆಂಡ್; ಗೆದ್ದದ್ದೂ ಅದೇ. ಮುಂದೆ ಮೊಟೇರಾ ಬಂತು, ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು, ನವರಂಗಪುರ ಹಿಂದೆ ಉಳಿಯಿತು.

ಆದರೆ ಮೊಟೇರಾದ ಹಳೆಯ ಕ್ರೀಡಾಂಗಣವಾದರೂ ಉಳಿಯಿತೇ? 1987ರಲ್ಲಿ ಗಾವಸ್ಕರ್ ಟೆಸ್ಟ್‌ನಲ್ಲಿ ಹತ್ತುಸಾವಿರ ಓಟಗಳನ್ನು ದಾಟಿದ, 1994ರಲ್ಲಿ ಕಪಿಲ್ ದೇವ್ 432ನೆಯ ವಿಕೆಟ್ ಪಡೆದ ಆ ಗ್ಯಾಲರಿಗಳನ್ನು ನೆಲಸಮ ಮಾಡಿ, 2020ರಲ್ಲಿ 1,32,000 ಆಸನಗಳ ಹೊಸ ಕ್ರೀಡಾಂಗಣವನ್ನು ತೆರೆದರು. ದೊಡ್ಡದು ಬೇಕಿತ್ತು, ಕಟ್ಟಿದರು. ಅದರ ಮೇಲೆ ನಮಗೆ ಜಗಳವಿಲ್ಲ. 'ಹಳತು ಹೋದರೇನೇ ಹೊಸತು' ಎಂಬ ಆ ಲೆಕ್ಕವನ್ನು ನವರಂಗಪುರಕ್ಕೂ ಹಚ್ಚುವವರ ಮೇಲೆ ನಮ್ಮ ಜಗಳ.

ಅವರ ಮೊದಲನೆಯ ಮಾತು: 'ಇದೇನು ಪರಂಪರೆಯೆ? ನಿನ್ನೆ ಮೊನ್ನೆಯ ಕಾಂಕ್ರೀಟು.' 2017ರಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿದಾಗ ಆ ಗೌರವ ಸಂದದ್ದು ಕೋಟೆಯೊಳಗಿನ ಪೋಳಗಳಿಗೆ, ಮಸೀದಿ-ದೇಗುಲಗಳಿಗೆ. ನದಿಯ ಈಚೆ ದಡದ ಆಧುನಿಕ ಕಟ್ಟಡಗಳಿಗೆ ಆ ರಕ್ಷೆಯಿಲ್ಲ. ವಯಸ್ಸಿನ ಈ ಅಳತೆಗೋಲು ಏನು ಮಾಡಬಲ್ಲದೆಂಬುದನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ದೆಹಲಿ ತೋರಿಸಿತು. ಪ್ರಗತಿ ಮೈದಾನದ 'ಹಾಲ್ ಆಫ್ ನೇಷನ್ಸ್' 1972ರದು, ರಾಜ್ ರೇವಾಲ್ ವಿನ್ಯಾಸ, ಎಂಜಿನಿಯರ್ ಇದೇ ಮಹೇಂದ್ರ ರಾಜ್. ಅರುವತ್ತು ವರ್ಷ ತುಂಬಿಲ್ಲ, ಆದ್ದರಿಂದ ಪರಂಪರೆಯಲ್ಲ ಎಂದರು; ಕೆಡವಿದರು. ಅರುವತ್ತು ತುಂಬುವತನಕ ಬದುಕಲು ಬಿಡದೆ, ಅರುವತ್ತು ತುಂಬಲಿಲ್ಲವೆಂದು ಕೊಲ್ಲುವ ಈ ತರ್ಕಕ್ಕೆ ಏನೆನ್ನೋಣ?

ಎರಡನೆಯ ಮಾತು ಹೆಚ್ಚು ಗಂಭೀರವಾದದ್ದು: ಕಾಂಕ್ರೀಟು ಹಳತಾಗಿದೆ, ಜನರ ಜೀವಕ್ಕೆ ಅಪಾಯ. ಇದನ್ನು ನಾವು ತಳ್ಳಿಹಾಕುವುದಿಲ್ಲ. ನೀರಿಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಹೊದಿಕೆ ಬಿರಿದು ಉದುರುತ್ತದೆ. ಆದರೆ ಇದಕ್ಕೆ ಚಿಕಿತ್ಸೆಯಿದೆ: ಕೆಟ್ಟ ಭಾಗವನ್ನು ಕೆತ್ತಿ, ಕಬ್ಬಿಣವನ್ನು ಶುಚಿಗೊಳಿಸಿ, ಮತ್ತೆ ಮುಚ್ಚಿ, ನೀರಿಗೆ ಬೇರೆ ದಾರಿ ಮಾಡುವುದು. ಈ ಕಟ್ಟಡದ ಸಂರಕ್ಷಣೆಯ ಅಧ್ಯಯನಕ್ಕೆಂದೇ 2020ರಲ್ಲಿ ಅಮೆರಿಕದ ಗೆಟ್ಟಿ ಪ್ರತಿಷ್ಠಾನ ನೆರವು ಪ್ರಕಟಿಸಿತು. ಸಾವಿರಾರು ಮೈಲಿ ದೂರದವರಿಗೆ ಕಂಡ ಬೆಲೆ ಪಕ್ಕದ ರಸ್ತೆಯವರಿಗೆ ಕಾಣದಿದ್ದರೆ ದೋಷ ಕಟ್ಟಡದ್ದಲ್ಲ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ವೈದ್ಯವಲ್ಲ.

ಮೂರನೆಯ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನವರಂಗಪುರದ ನೆಲಕ್ಕೆ ಚಿನ್ನದ ಬೆಲೆ. ಅದಕ್ಕೆ ನಮ್ಮ ಉತ್ತರ ನೇರವಾದದ್ದು. ಆ ನೆಲ ಸಾರ್ವಜನಿಕರದು. ಮಾರಿದ ಹಣ ಒಂದು ಬಜೆಟ್ಟಿನಲ್ಲಿ ಕರಗುತ್ತದೆ. ನಗರದ ಮಧ್ಯದ ಬಯಲು ಮತ್ತೆ ಹುಟ್ಟುವುದಿಲ್ಲ. ಕನ್ನಡಿಗರಾದ ನಮಗೆ ಈ ಪಾಠ ಚೆನ್ನಾಗಿ ಗೊತ್ತು. ಬೆಂಗಳೂರಿನ ಸಂಪಂಗಿ ಕೆರೆ ಬತ್ತಿದ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೆರೆ ಮರಳಿ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು? ಉದಾಹರಣೆಗೂ ಬೆಂಗಳೂರೇ ಸಾಕು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಕೇಂದ್ರ ಕಾರಾಗೃಹ ಇಂದು ಸ್ವಾತಂತ್ರ್ಯ ಉದ್ಯಾನ. ಕಾವಲು ಗೋಪುರ ಹಾಗೆಯೇ ಇದೆ, ಅದರ ಸುತ್ತ ಜನ ಓಡಾಡುತ್ತಾರೆ, ಧರಣಿ ಕೂಡುತ್ತಾರೆ. ಗುಜರಾತಿನಲ್ಲಿಯೇ ಸೂರತ್ ಪಾಲಿಕೆ ತಾಪಿ ದಡದ ಹದಿನಾರನೆಯ ಶತಮಾನದ ಕೋಟೆಯನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯ ಮಾಡಿದೆ. ಇಟಲಿಯ ಲುಕ್ಕಾದಲ್ಲಿ ರೋಮನ್ನರ ಕ್ರೀಡಾರಂಗದ ಗೋಡೆಗಳ ಮೇಲೆಯೇ ಮನೆಗಳೆದ್ದು, ಅಂಡಾಕಾರದ ಅಂಗಳ ಇಂದಿಗೂ ಊರ ಚೌಕ. ಇಲ್ಲೆಲ್ಲ ಆಕಾರ ಉಳಿಯಿತು, ಕೆಲಸ ಬದಲಾಯಿತು.

ನವರಂಗಪುರಕ್ಕೆ ಕೆಲಸದ ಕೊರತೆಯೇ ಇಲ್ಲ. ನಸುಕಿನಲ್ಲಿ ನಡೆಯುವವರಿಗೆ ಸುತ್ತುಹಾದಿ. ಹಗಲು ಆಟದ ಬಯಲಿಲ್ಲದ ಪಾಲಿಕೆ ಶಾಲೆಗಳ ಮಕ್ಕಳಿಗೆ ಓಟ, ಖೋಖೋ, ಕಬಡ್ಡಿ. ಗ್ಯಾಲರಿಗಳ ಅಡಿಯ ನೆರಳಿನಲ್ಲಿ ವಾಚನಾಲಯ, ಗರಡಿ, ನಗರದ ಕ್ರೀಡೆಯ ಇತಿಹಾಸ ಹೇಳುವ ಪುಟ್ಟ ಸಂಗ್ರಹಾಲಯ. ಸಂಜೆ ಆ ಚಾವಣಿಯ ಕೆಳಗೆ ನಾಟಕ, ಸಂಗೀತ. ನವರಾತ್ರಿಯಲ್ಲಿ ಪಾಸಿನ ಹಣವಿಲ್ಲದವರಿಗೆ ಗರಬಾ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಂದಿದೆ. ಹೊಸ ಸಂಕೀರ್ಣಗಳು ಏಳುತ್ತಿರುವ ಈ ಹೊತ್ತಿನಲ್ಲಿ ಕ್ರೀಡಾಪಟುಗಳ ಅಭ್ಯಾಸಕ್ಕಾದರೂ ಇದು ಒದಗಲಾರದೇ? ಹದಿನೈದು ದಿನದ ಕೂಟಕ್ಕೆ ಕಟ್ಟಿದ್ದು ಆಮೇಲೆ ಏನಾಗುತ್ತದೆಂಬ ಪ್ರಶ್ನೆಗೆ, ಇದ್ದದ್ದನ್ನು ಬಳಸಿ ತೋರಿಸುವುದಕ್ಕಿಂತ ಪ್ರಾಮಾಣಿಕ ಉತ್ತರವಿಲ್ಲ.

'ಗುಜರಾತಿನ ಕಟ್ಟಡದ ಚಿಂತೆ ಕನ್ನಡ ಬಳಗಕ್ಕೇಕೆ?' ಎಂದು ಕೇಳುವವರಿದ್ದಾರೆ. ಅಹಮದಾಬಾದು, ವಡೋದರಾ, ಸೂರತ್‌ಗಳಲ್ಲಿ ನಾವು ಬಾಡಿಗೆಯ ಮನೆಯಲ್ಲಿರಬಹುದು, ಬಾಡಿಗೆಯ ಪೌರರಲ್ಲ. ಇಲ್ಲಿ ತೆರಿಗೆ ಕಟ್ಟುತ್ತೇವೆ, ನಮ್ಮ ಮಕ್ಕಳು ಇಲ್ಲಿಯ ಬಯಲುಗಳಲ್ಲಿ ಬೆಳೆಯುತ್ತಾರೆ. ರಾಜ್ಯೋತ್ಸವಕ್ಕೂ ಯುಗಾದಿಗೂ ಕೈಗೆಟಕುವ ಬಾಡಿಗೆಯ ಸಭಾಂಗಣ ಹುಡುಕಿ ಅಲೆಯುವವರಿಗೆ ಸಾರ್ವಜನಿಕ ಸ್ಥಳದ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ತಮಿಳರಿಗೂ ಒಡಿಯಾದವರಿಗೂ ಇದೇ ಪಾಡು.

ನಾವು ಬೇಡುವುದು ಇಷ್ಟು: ರಚನೆಯ ತಪಾಸಣೆಯ ವರದಿಯನ್ನು ಪಾಲಿಕೆ ಬಹಿರಂಗಪಡಿಸಲಿ, ದುರಸ್ತಿಗೆ ಪ್ರತಿವರ್ಷ ಬಜೆಟ್ಟಿನಲ್ಲಿ ಪ್ರತ್ಯೇಕ ಮೊತ್ತವಿರಲಿ, ಕೆಡವಿದರೆ ಎಷ್ಟು, ಉಳಿಸಿದರೆ ಎಷ್ಟು ಎಂಬ ಎರಡೂ ಲೆಕ್ಕಗಳನ್ನು ಜನರ ಮುಂದಿಡಲಿ, ಸುರಕ್ಷಿತವೆಂದು ಕಂಡ ಭಾಗಗಳನ್ನು ಶಾಲೆಗಳಿಗೆ, ಕಲಾತಂಡಗಳಿಗೆ ಈಗಲೇ ತೆರೆಯಲಿ. ಬಳಕೆಯಲ್ಲಿರುವ ಕಟ್ಟಡವನ್ನು ಕೆಡವುವುದು ಕಷ್ಟ, ಬೀಗ ಬಿದ್ದದ್ದನ್ನು ಕೆಡವುವುದು ಸುಲಭ. ಆದ್ದರಿಂದ ಅಹಮದಾಬಾದಿನ ಬಳಗಗಳಲ್ಲಿ ನಮ್ಮ ಮನವಿ: ಮುಂದಿನ ಕ್ರೀಡಾದಿನವನ್ನು ಅಲ್ಲಿಯೇ ನಡೆಸಲು ಅನುಮತಿ ಕೋರಿ ಪಾಲಿಕೆಗೆ ಅರ್ಜಿ ಹಾಕೋಣ. ಇಲ್ಲವೆಂದರೆ ಏಕೆ ಇಲ್ಲವೆಂಬುದನ್ನು ಬರಹದಲ್ಲಿ ಕೇಳೋಣ.