ತಂದೆಯವರ ಕ್ಯಾಮರಾ

ಹಳೆಯ ಸಾಮಾನು ಕೊಳ್ಳುವಾತನು ನಮ್ಮ ತಂದೆಯವರ ಕ್ಯಾಮರಾವನ್ನು ತಿರುವಿ ನೋಡಿ ೫೦೦ ರೂಪಾಯಿ ಹೇಳಿದನು. ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಅದು. ಅನೇಕ ಮನೆಗಳಲ್ಲಿದ್ದ ಸಾಧಾರಣ ಯಂತ್ರವಾದುದರಿಂದ ಬೆಲೆಯ ವಿಷಯದಲ್ಲಿ ನನಗೆ ತಕರಾರಿರಲಿಲ್ಲ. ಅದಕ್ಕೆ ಬೇಕಾದ ೧೨೦ ಅಳತೆಯ ಫಿಲಂ ಇಂದಿಗೂ ದೊರೆಯುತ್ತದೆ. ಬೀರುವಿನಲ್ಲಿ ಧೂಳು ಹಿಡಿಯುವುದಕ್ಕಿಂತ ಯಾರಾದರೂ ಉಪಯೋಗಿಸಲಿ ಎಂಬುದು ಮನೆಯಾಕೆಯ ಮತ, ನನ್ನದೂ ಅದೇ.

ಆದರೆ ಒರಸಿ ಕೊಡುವಾಗ ಹಿಂಬದಿಯ ಕೆಂಪು ಕಿಂಡಿಯಲ್ಲಿ ೭ ಎಂಬ ಅಂಕೆ ಕಂಡಿತು. ಹನ್ನೆರಡು ಚಿತ್ರಗಳ ಸುರುಳಿಯಲ್ಲಿ ತಂದೆಯವರು ಆರನ್ನೋ ಏಳನ್ನೋ ತೆಗೆದು ನಿಲ್ಲಿಸಿದ್ದರು. ಯಾರನ್ನು ತೆಗೆದಿದ್ದರೋ! ಅಮ್ಮನಿದ್ದಾಳೆಯೇ?

ಆತನು ಮುಚ್ಚಳಕ್ಕೆ ಕೈಹಾಕಿದ್ದನು, ತಡೆದೆನು. ಬೆಳಕು ಬಿದ್ದರೆ ಎಲ್ಲವೂ ಹಾಳು. ಬೆಳಕು ಸೋಕದ ಕಪ್ಪುಬಿಳುಪಿನ ಫಿಲಮಿನಲ್ಲಿ ದಶಕಗಳ ಮೇಲೂ ಮಸುಕಾಗಿ ಬಿಂಬ ಉಳಿದಿರುವುದುಂಟು. ಇಂಥ ಸುರುಳಿಯನ್ನು ಕೊನೆಯವರೆಗೆ ಸುತ್ತಿಬಿಟ್ಟರೆ ಅದರ ಬೆನ್ನಿನ ಕಾಗದವೇ ಬೆಳಕನ್ನು ತಡೆಯುವುದು. ಹಾಗೆಯೇ ಸುತ್ತಿ, ನೆರಳಿನಲ್ಲಿ ಹೊರತೆಗೆದು, ಯಂತ್ರವನ್ನು ಮಾತ್ರ ಆತನಿಗೆ ಕೊಟ್ಟೆನು.

“ತೊಳೆಸಿದ ಮೇಲೆ ಏನೂ ಬಾರದಿದ್ದರೆ?” ಎಂದಳು ಮನೆಯಾಕೆ.

ಬಾರದಿರಲೂಬಹುದು. ತೊಳೆಸುವ ಖರ್ಚಿಗೆ ಆ ಐನೂರು ರೂಪಾಯಿಯನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ.