ಅರಿವು ಕೇಂದ್ರದ ಕಪಾಟಿನಲ್ಲಿ ಒಂದು ಟೆಲಿಸ್ಕೋಪ್ ಇರಲಿ

ಮಳೆಗೆ ನಕ್ಷತ್ರದ ಹೆಸರಿಟ್ಟು ಕರೆಯುವ ಜನ ನಾವು. ರೋಹಿಣಿ ಮಳೆಗೆ ಹೊಲ ಹದವಾಯಿತೇ, ಮೃಗಶಿರ ಕೈಕೊಟ್ಟಿತೇ, ಆರಿದ್ರೆ ಹಿಡಿಯಿತೇ, ಸ್ವಾತಿ ಮಳೆ ಹಿಂಗಾರಿಗೆ ಸಾಕಾಯಿತೇ ಎಂಬ ಮಾತು ಇವತ್ತಿಗೂ ಊರಿನ ಕಟ್ಟೆಯ ಮೇಲೆ ನಡೆಯುತ್ತದೆ. ಆದರೆ ಆ ರೋಹಿಣಿ ಆಕಾಶದಲ್ಲಿ ಎಲ್ಲಿದೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸಬಲ್ಲವರು ಕಡಿಮೆ. ರೋಹಿಣಿ ಮಳೆಯ ದಿನಗಳಲ್ಲಂತೂ ರೋಹಿಣಿ ನಕ್ಷತ್ರ ಕಾಣುವುದೇ ಇಲ್ಲ. ಸೂರ್ಯ ಆಗ ಆ ನಕ್ಷತ್ರದ ಬಳಿ ಇರುತ್ತಾನೆ ಎಂಬ ಕಾರಣಕ್ಕೇ ಮಳೆಗೆ ಆ ಹೆಸರು ಬಂದಿದೆ. ನಕ್ಷತ್ರ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ನೋಡಬೇಕಾದರೆ ಮಾಗಿಯ ಚಳಿಯಲ್ಲಿ, ರಾತ್ರಿ ಊಟದ ಹೊತ್ತಿಗೆ ಅಂಗಳಕ್ಕೆ ಬರಬೇಕು. ನೆತ್ತಿಯ ಹತ್ತಿರ ಕೆಂಪು ಛಾಯೆಯಲ್ಲಿ ಹೊಳೆಯುತ್ತಿರುತ್ತದೆ. ಹೀಗೆ ಹೆಸರಿಟ್ಟವರಿಗೆ ಆಕಾಶದ ಲೆಕ್ಕ ಗೊತ್ತಿತ್ತು. ಹೆಸರು ನಮ್ಮ ನಾಲಗೆಯ ಮೇಲೆ ಉಳಿದುಕೊಂಡಿದೆ, ತಲೆಯೆತ್ತಿ ನೋಡುವ ರೂಢಿ ತಪ್ಪಿಹೋಗಿದೆ. ಆ ರೂಢಿಯನ್ನು ಮರಳಿ ತರಲು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಒಂದು ಪುಟ್ಟ ಟೆಲಿಸ್ಕೋಪ್ ಇಡಬೇಕು, ಪುಸ್ತಕವನ್ನು ಕೊಡುವ ಹಾಗೆಯೇ ಅದನ್ನೂ ಮನೆಗೆ ಎರವಲು ಕೊಡಬೇಕು ಎಂಬುದು ನನ್ನ ವಾದ.

ಪುಟ್ಟ ಟೆಲಿಸ್ಕೋಪಿನಿಂದ ಏನು ಕಂಡೀತು ಎಂಬ ಅನುಮಾನ ಸಹಜ. ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆಯ ಅಗಲ ಹೆಚ್ಚೆಂದರೆ 7 ಮಿಲಿಮೀಟರ್. 70 ಮಿ.ಮೀ. ವ್ಯಾಸದ ಮಸೂರ ಅದರ ನೂರು ಪಟ್ಟು ಬೆಳಕನ್ನು ಹಿಡಿಯುತ್ತದೆ, 114 ಮಿ.ಮೀ. ಕನ್ನಡಿಯಿರುವ ಟೆಲಿಸ್ಕೋಪ್ ಇನ್ನೂರ ಅರವತ್ತು ಪಟ್ಟಿಗೂ ಹೆಚ್ಚು. 1610ರ ಜನವರಿ 7ರಂದು ಗೆಲಿಲಿಯೋ ಗುರುಗ್ರಹದ ಚಂದ್ರರನ್ನು ಮೊದಲ ಸಲ ಕಂಡಾಗ ಅವನ ಕೈಯಲ್ಲಿದ್ದ ಕೊಳವೆಯ ವರ್ಧನೆ ಸುಮಾರು 20 ಪಟ್ಟು. ಅದರಲ್ಲಿ ಬಳಕೆಯಾಗುತ್ತಿದ್ದ ಮಸೂರದ ಅಗಲ 4 ಸೆಂಟಿಮೀಟರಿಗಿಂತ ಕಡಿಮೆ. ಅದೇ ವರ್ಷ ಶನಿಯನ್ನು ನೋಡಿದ ಅವನಿಗೆ ಅದು ಒತ್ತಿಕೊಂಡು ನಿಂತ ಮೂರು ಗೋಳಗಳಂತೆ ಕಂಡಿತೇ ಹೊರತು ಬಳೆ ಎಂದು ತಿಳಿಯಲಿಲ್ಲ. ಇವತ್ತು ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಸಾಧಾರಣ ಟೆಲಿಸ್ಕೋಪಿನಲ್ಲಿ ಆ ಬಳೆ ನಿಚ್ಚಳವಾಗಿ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ಅಂಚು ಮಾಡಿ ಗೆರೆಯಷ್ಟೇ ಆಗಿದ್ದ ಆ ಬಳೆ ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ. ಶನಿಯ ಹೆಸರು ಕೇಳಿದರೆ ಎದೆ ನಡುಗುವ ಎಷ್ಟೋ ಮನೆಗಳಿವೆ. ಅಂಥ ಮನೆಯವರು ಒಮ್ಮೆ ಶನಿಯನ್ನೇ ಕಣ್ಣಾರೆ ನೋಡಲಿ. ಅಷ್ಟು ಚೆಲುವಾದ, ಅಷ್ಟು ದೂರದ, ತನ್ನ ಪಾಡಿಗೆ ತಾನು ತಿರುಗುವ ಗೋಳವನ್ನು ಕಂಡ ಮೇಲೆ ಹೆದರಿಕೆ ಹಳೆಯ ಬಿಗಿಯಲ್ಲಿ ಉಳಿಯುವುದು ಕಷ್ಟ.

ಚಂದ್ರನಿಂದಲೇ ಆರಂಭಿಸುವುದು ಒಳ್ಳೆಯದು. ಹುಣ್ಣಿಮೆಯ ರಾತ್ರಿ ಟೆಲಿಸ್ಕೋಪ್ ಹಿಡಿಯುವವರಿಗೆ ನಿರಾಸೆಯೇ ಹೆಚ್ಚು. ಸೂರ್ಯನ ಬೆಳಕು ನೇರವಾಗಿ ಬೀಳುವುದರಿಂದ ಅಲ್ಲಿ ನೆರಳೇ ಇರುವುದಿಲ್ಲ, ಉಬ್ಬುತಗ್ಗು ತಿಳಿಯುವುದಿಲ್ಲ. ಶುಕ್ಲಪಕ್ಷದ ಅಷ್ಟಮಿಯಿಂದ ದಶಮಿಯವರೆಗಿನ ಸಂಜೆಗಳು ಹಬ್ಬವಿದ್ದಂತೆ. ಬೆಳಕು ಕತ್ತಲೆ ಕೂಡುವ ಗೆರೆಯ ಉದ್ದಕ್ಕೂ ಚಂದ್ರನ ಕುಳಿಗಳು ಸಾಲುಗಟ್ಟಿರುತ್ತವೆ. ದಶಮಿಯ ಹೊತ್ತಿಗೆ ಆ ಗೆರೆಯ ಬಳಿ ಕೋಪರ್ನಿಕಸ್ ಎಂಬ ಕುಳಿ ಕಾಣಿಸಿಕೊಳ್ಳುತ್ತದೆ. ಅದರ ಅಗಲ 93 ಕಿಲೋಮೀಟರ್, ಆಳ ನಾಲ್ಕು ಕಿಲೋಮೀಟರಿನಷ್ಟು. ಒಂದು ಬದಿಯ ಗೋಡೆ ಬೆಳ್ಳಗೆ ಬೆಳಗುತ್ತಿರುತ್ತದೆ, ಇನ್ನೊಂದು ಬದಿಯ ಗೋಡೆಯ ನೆರಳು ಕುಳಿಯ ತಳಕ್ಕೆ ಮಸಿ ಸುರಿದಂತೆ ಬಿದ್ದಿರುತ್ತದೆ. ಇಡೀ ಕುಳಿ ಬಿಸಿಲಿಗೆ ತೆರೆದುಕೊಂಡಾಗ ಅದರ ನಡುವೆ ಪುಟ್ಟ ಬೆಟ್ಟಗಳೂ ತೋರುತ್ತವೆ. ಗೆರೆಯಾಚೆಯ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಕಂಡರೆ ಅದು ಬೆಟ್ಟದ ತುದಿ: ಬುಡಕ್ಕಿನ್ನೂ ಬೆಳಗಾಗಿಲ್ಲ, ತುದಿಗೆ ಬಿಸಿಲು ತಗುಲಿದೆ. ಇನ್ನೊಂದು ಗಂಟೆ ಬಿಟ್ಟು ನೋಡಿದರೆ ಆ ಚುಕ್ಕಿ ದಪ್ಪವಾಗಿರುತ್ತದೆ. ಬೇರೊಂದು ಲೋಕದ ಬೆಳಗನ್ನು ಹೀಗೆ ಕಾದು ನೋಡಿದ ಮಗುವಿಗೆ ಚಂದ್ರನೂ ಒಂದು ನೆಲ ಎಂದು ಯಾರೂ ಪಾಠ ಹೇಳಬೇಕಿಲ್ಲ.

ಹೀಗಿದ್ದರೂ ಆಸೆಪಟ್ಟು ಕೊಂಡ ಎಷ್ಟೋ ಟೆಲಿಸ್ಕೋಪುಗಳು ಅಟ್ಟ ಸೇರುತ್ತವೆ. ಕಾರಣ ಡಬ್ಬಿಯ ಮೇಲಿನ ಜಾಹೀರಾತು. ‘ಐನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ಮಾರುವ ಪುಟ್ಟ ಕೊಳವೆಗಳನ್ನು ನಂಬಬಾರದು. ಟೆಲಿಸ್ಕೋಪಿನ ವರ್ಧನೆ ಎಂದರೆ ಮುಖ್ಯ ಮಸೂರದ ಸಂಗಮದೂರವನ್ನು (ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರವನ್ನು) ಕಣ್ಣಿನ ಕಡೆಯ ಮಸೂರದ, ಅಂದರೆ ಐಪೀಸಿನ, ಸಂಗಮದೂರದಿಂದ ಭಾಗಿಸಿದಾಗ ಬರುವ ಸಂಖ್ಯೆ. 700 ಮಿ.ಮೀ. ಸಂಗಮದೂರದ ಕೊಳವೆಗೆ 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು, 10 ಮಿ.ಮೀ. ಹಾಕಿದರೆ 70 ಪಟ್ಟು. ಐಪೀಸ್ ಬದಲಿಸುತ್ತ ಸಂಖ್ಯೆಯನ್ನು ಎಷ್ಟಕ್ಕೆ ಬೇಕಾದರೂ ಏರಿಸಬಹುದು. ಹಿಡಿದ ಬೆಳಕು ಮಾತ್ರ ಅಷ್ಟೇ ಇರುತ್ತದೆ. ಮಸೂರದ ವ್ಯಾಸದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಬಲ್ಲವರ ಲೆಕ್ಕ. 70 ಮಿ.ಮೀ. ಟೆಲಿಸ್ಕೋಪಿಗೆ 140ರಾಚೆ ಹೋದರೆ ಬಿಂಬ ಹಿಗ್ಗುತ್ತದೆ, ಮಬ್ಬಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಸ್ಟ್ಯಾಂಡಿನದು ಇನ್ನೊಂದು ತೊಂದರೆ. ಕಾಲು ಅಲುಗುವ ಅಗ್ಗದ ಸ್ಟ್ಯಾಂಡಿನ ಮೇಲೆ ಒಳ್ಳೆಯ ಮಸೂರವೂ ಕೆಲಸಕ್ಕೆ ಬಾರದು. ಇದಕ್ಕೆ ಸರಳ ಉಪಾಯ ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್. ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ಕೊಳವೆ ಕೂರಿಸಿ, ಕೈಯಿಂದಲೇ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸುವ ಅವರ ವಿಧಾನಕ್ಕೆ ಇಂದು ಅವರದೇ ಹೆಸರಿದೆ. ಊರಿನ ಬಡಗಿ ಮಾಡಿಕೊಡಬಲ್ಲಷ್ಟು ಸುಲಭದ ಕೆಲಸ ಅದು. ಇಂಥ ವಿಚಾರಗಳನ್ನು ಪ್ರತಿಯೊಬ್ಬ ತಂದೆತಾಯಿಯೂ ಕಲಿತುಕೊಳ್ಳಲಿ ಎನ್ನುವುದಕ್ಕಿಂತ, ತಿಳಿದವರು ಆರಿಸಿದ ಒಂದು ಟೆಲಿಸ್ಕೋಪ್ ಊರಿಗೆಲ್ಲ ಸಿಗುವಂತೆ ಮಾಡುವುದು ಜಾಣತನ.

ಫೋಟೊ ತೆಗೆಯುವ ಆಸೆಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಐಪೀಸಿಗೆ ಮೊಬೈಲಿನ ಕ್ಯಾಮೆರಾ ಹೊಂದಿಸಿ, ಬೆಳಕಿನ ಮಟ್ಟ ತಗ್ಗಿಸಿ, ಬೆರಳು ತಾಗಿ ಅಲುಗದಂತೆ ಟೈಮರ್ ಇಟ್ಟರೆ ಚಂದ್ರನ ಕುಳಿಗಳು ಚೆನ್ನಾಗಿ ಮೂಡುತ್ತವೆ. ಚಂದ್ರನೆಂದರೆ ಬಿಸಿಲಿಗೆ ಬಿದ್ದ ಬಂಡೆ, ಅಲ್ಲಿ ಬೆಳಕಿಗೆ ಬರವಿಲ್ಲ. ಗ್ರಹಗಳಿಗೆ ಒಂದೆರಡು ನಿಮಿಷದ ವಿಡಿಯೊ ತೆಗೆದು, ಅದರಲ್ಲಿ ಸ್ಪಷ್ಟವಾಗಿರುವ ಚೌಕಟ್ಟುಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಕೂಡಿಸುವ ಉಚಿತ ಸಾಫ್ಟ್‌ವೇರುಗಳಿವೆ. ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಬಣ್ಣಬಣ್ಣದ ಚಿತ್ರ ಮಾತ್ರ ಈ ಉಪಕರಣದಿಂದ ಬರುವುದಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆಕಾಶ ಎರಡು ನಿಮಿಷಕ್ಕೆ ಒಂದು ಚಂದ್ರನಷ್ಟು ಅಗಲ ಸರಿಯುತ್ತದೆ. ಮಂದ ನೀಹಾರಿಕೆಯ ಬೆಳಕನ್ನು ಬಹಳ ಹೊತ್ತು ಕೂಡಿಹಾಕಬೇಕಾದರೆ ಆ ಚಲನೆಗೆ ಸರಿಯಾಗಿ ತಿರುಗುವ ಯಂತ್ರವಿರಬೇಕು, ಅದಕ್ಕೆ ಟೆಲಿಸ್ಕೋಪಿಗಿಂತ ಹೆಚ್ಚು ಹಣ ಬೇಕು. ಐಪೀಸಿಗೆ ಕಣ್ಣಿಟ್ಟು ನೋಡುವಾಗ ಆ ನೀಹಾರಿಕೆ ಬೂದುಬಣ್ಣದ ಹೊಗೆಯಂತಷ್ಟೇ ಕಾಣುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಯಾರಿಗೂ ಮೋಸವಾದಂತೆ ಅನಿಸದು. ಸಣ್ಣ ಟೆಲಿಸ್ಕೋಪಿನ ಫೋಟೊಗೆ ಬೆಲೆ ಬರುವುದು ದಾಖಲೆಯಾಗಿ. ಗುರುವಿನ ಅಯೋ ಎಂಬ ಚಂದ್ರ ಸುಮಾರು 42 ಗಂಟೆ 30 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಒಂದು ವಾರ ಪ್ರತಿ ರಾತ್ರಿ ಫೋಟೊ ತೆಗೆದ ಅಥವಾ ನೋಟ್‌ಬುಕ್ಕಿನಲ್ಲಿ ಚುಕ್ಕಿಯಿಟ್ಟ ವಿದ್ಯಾರ್ಥಿಗೆ ಗುರುವಿನ ನಾಲ್ಕು ದೊಡ್ಡ ಚಂದ್ರರ ಜಾಗ ಬದಲಾಗುವುದು ತಾನೇ ಕಾಣುತ್ತದೆ. ಇದೇ ಅಯೋ ಗುರುವಿನ ನೆರಳಿನೊಳಗೆ ಮರೆಯಾಗುವ ಹೊತ್ತನ್ನು ಲೆಕ್ಕವಿಟ್ಟು, ಬೆಳಕಿಗೂ ಒಂದು ವೇಗವಿದೆ ಎಂದು 1676ರಲ್ಲಿ ಓಲೆ ರೋಮರ್ ಹೇಳಿದ್ದು.

ಎರವಲು ಕೊಡುವ ಏರ್ಪಾಡು ನಡೆಯುವುದೇ ಎಂಬ ಪ್ರಶ್ನೆಗೆ ಉತ್ತರ ಬೇರೆಡೆ ಸಿಕ್ಕಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಹವ್ಯಾಸಿ ಖಗೋಳ ವೀಕ್ಷಕರು 2008ರಲ್ಲಿ ಊರ ಗ್ರಂಥಾಲಯಗಳಿಗೆ 114 ಮಿ.ಮೀ. ಟೆಲಿಸ್ಕೋಪುಗಳನ್ನು ಕೊಡತೊಡಗಿದರು. ಮುಚ್ಚಳ ಕಳೆಯದಂತೆ ದಾರದಲ್ಲಿ ಕಟ್ಟಿದರು, ಐಪೀಸನ್ನು ಬಿಚ್ಚಲಾಗದಂತೆ ಕೂರಿಸಿದರು, ಸರಳ ಕೈಪಿಡಿ ಜೊತೆಗಿಟ್ಟರು. ಆ ಕ್ರಮ ಬೇರೆ ರಾಜ್ಯಗಳಿಗೂ ಹಬ್ಬಿತು. ನಮ್ಮ ದೇಶದ್ದೇ ಇನ್ನೂ ಹಳೆಯ ನಿದರ್ಶನವಿದೆ. ಅವಿಭಜಿತ ಬಂಗಾಳದ ಜೆಸ್ಸೋರ್‌ನಲ್ಲಿ ಸರ್ಕಾರಿ ಖಜಾನೆಯ ನೌಕರರಾಗಿದ್ದ ರಾಧಾಗೋವಿಂದ ಚಂದ್ರ 1912ರಲ್ಲಿ ಇಂಗ್ಲೆಂಡಿನಿಂದ ಮೂರು ಇಂಚಿನ ಟೆಲಿಸ್ಕೋಪ್ ತರಿಸಿಕೊಂಡರು. ಕಾಲೇಜಿನ ಮೆಟ್ಟಿಲು ಹತ್ತದವರು. 1918ರಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹೊಸದಾಗಿ ಹೊಳೆದ ತಾರೆಯನ್ನು ಗುರುತಿಸಿ ಹಾರ್ವರ್ಡ್‌ಗೆ ಬರೆದರು. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸುವವರ ಅಮೆರಿಕದ ಸಂಘ ಅವರನ್ನು ಸೇರಿಸಿಕೊಂಡಿತು, ಮುಂದೆ ಇನ್ನೂ ದೊಡ್ಡ ಟೆಲಿಸ್ಕೋಪನ್ನು ಎರವಲಾಗಿ ಕಳಿಸಿಕೊಟ್ಟಿತು. ಅವರು ದಾಖಲಿಸಿದ ವೀಕ್ಷಣೆಗಳು 37 ಸಾವಿರಕ್ಕೂ ಹೆಚ್ಚು. ಆ ಎರವಲು ಟೆಲಿಸ್ಕೋಪ್ ಆಮೇಲೆ ವೇಣು ಬಾಪು ಅವರ ಕೈಗೆ ಬಂದು ಕಾವಲೂರಿನ ವೀಕ್ಷಣಾಲಯ ಸೇರಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಬಾಪು ಅವರೇ ಅವರು. ನಂಬಿಕೆಯಿಟ್ಟು ಎರವಲು ಕೊಟ್ಟ ಒಂದು ಉಪಕರಣ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಟೆಲಿಸ್ಕೋಪನ್ನು ಶಾಲೆಗೆ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಶಾಲೆಗೂ ಕೊಡಲಿ, ಅದು ಸಂತೋಷ. ಆದರೆ ಶಾಲೆಯ ಗಂಟೆ ಸಂಜೆ ನಾಲ್ಕೂವರೆಗೆ ಬಾರಿಸುತ್ತದೆ, ನಕ್ಷತ್ರ ಮೂಡುವುದು ಏಳರ ಮೇಲೆ. ಬೀಗ ಹಾಕಿದ ಪ್ರಯೋಗಾಲಯದ ಬೀರುವಿನಲ್ಲಿ ಟೆಲಿಸ್ಕೋಪಿಗೆ ಕೆಲಸವಿಲ್ಲ. ಅದು ರಾತ್ರಿಯ ವಸ್ತು, ಮನೆಯಂಗಳದ ವಸ್ತು. ಮನೆಗೆ ಹೋದರೆ ಮಗುವಿನ ಜೊತೆ ಅಜ್ಜಿಯೂ ನೋಡುತ್ತಾಳೆ, ಪಕ್ಕದ ಮನೆಯವರೂ ಬರುತ್ತಾರೆ. ಇದಕ್ಕಿಂತ ಸಾವಿರ ಪಾಲು ಚೆಂದದ ಚಿತ್ರಗಳು ಮೊಬೈಲಿನಲ್ಲೇ ಇವೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ, ಇವೆ. ಜೋಗದ ಚಿತ್ರ ಕ್ಯಾಲೆಂಡರಿನಲ್ಲಿದೆ ಎಂದು ಯಾರೂ ಜೋಗಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಚಿತ್ರವನ್ನು ನಂಬಬೇಕು, ಐಪೀಸಿನಲ್ಲಿ ಕಂಡದ್ದನ್ನು ಪರೀಕ್ಷಿಸಬಹುದು, ನಾಳೆ ಮತ್ತೆ ನೋಡಬಹುದು, ಪುಸ್ತಕ ಹೇಳಿದ್ದು ಸರಿಯೇ ಎಂದು ಕೇಳಬಹುದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎಂದು ನಮ್ಮ ಸಂವಿಧಾನ ಹೇಳುತ್ತದೆ. ಆ ಮನೋಭಾವ ಬೆಳೆಯುವುದು ಹೀಗೆ ತಾನೇ ನೋಡಿ ಕೇಳುವುದರಿಂದ.

ಹಣದ ಮಾತಿಗೆ ಬರೋಣ. ಕುಡಿಯುವ ನೀರು, ಶೌಚಾಲಯ, ಪುಸ್ತಕಗಳೇ ಸಾಲದಿರುವಾಗ ಇದೇಕೆ ಎಂಬ ಪ್ರಶ್ನೆ ಹಗುರವಾದುದಲ್ಲ. ಅವುಗಳ ಹಣವನ್ನು ಇದಕ್ಕೆ ತಿರುಗಿಸಿ ಎಂದು ನಾನು ಹೇಳುತ್ತಿಲ್ಲ. ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳಿವೆ. ಮೊದಲ ವರ್ಷ ತಾಲ್ಲೂಕಿಗೆ ಒಂದರಲ್ಲಿ ಪ್ರಯೋಗ ಮಾಡಿದರೂ ಸಾಕು. ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನ ಉಪಕರಣ ಹತ್ತು ವರ್ಷ ಬಾಳಿದರೆ ವರ್ಷಕ್ಕೆ ಎರಡು ಸಾವಿರ ಬಿತ್ತು. ಒಡೆದರೆ ಎಂಬ ಭಯವಿದ್ದರೆ ಮಸೂರದ ಟೆಲಿಸ್ಕೋಪನ್ನೇ ಆರಿಸಲಿ, ಕನ್ನಡಿಯದಕ್ಕಿಂತ ಅದರ ಆರೈಕೆ ಸುಲಭ. ಮಳೆಗಾಲದ ತೇವಕ್ಕೆ ಮಸೂರ ಬೂಸ್ಟು ಹಿಡಿಯದಂತೆ ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರಾಯಿತು. ಜೂನಿನಿಂದ ನಾಲ್ಕು ತಿಂಗಳು ಮೋಡ ಕವಿದರೂ ಉಳಿದ ತಿಂಗಳುಗಳಲ್ಲಿ, ಅದರಲ್ಲೂ ಬಯಲುಸೀಮೆಯಲ್ಲಿ, ತಿಳಿಯಾದ ರಾತ್ರಿಗಳಿಗೆ ಕೊರತೆಯಿಲ್ಲ. ಪಟ್ಟಣದ ಬೆಳಕು ನೀಹಾರಿಕೆಯನ್ನು ನುಂಗಿದರೂ ಚಂದ್ರ, ಗುರು, ಶನಿಯನ್ನು ನುಂಗಲಾರದು. ಹಳ್ಳಿಯ ಕತ್ತಲೆಯೇ ಒಂದು ಆಸ್ತಿ ಎಂಬುದನ್ನು ಲಡಾಖಿನ ಹಾನ್ಲೆ ತೋರಿಸಿದೆ. 2022ರಲ್ಲಿ ಅಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವನ್ನು ಘೋಷಿಸಿದ ಮೇಲೆ ಸುತ್ತಲ ಹಳ್ಳಿಗರಿಗೇ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ವಹಿಸಲಾಗಿದೆ.

ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬಾರದು. ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಿದರೆ ಕ್ಷಣಮಾತ್ರದಲ್ಲಿ ಕಣ್ಣು ಹೋಗಬಹುದು. ಕೆಲವು ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಪಿ ಕೂರಿಸುವ ಸೂರ್ಯನ ಫಿಲ್ಟರ್ ಬರುತ್ತದೆ. ಕಾದು ಸೀಳುವ ಅಪಾಯವಿರುವ ಅದನ್ನು ಪೆಟ್ಟಿಗೆ ತೆರೆದ ದಿನವೇ ಎಸೆಯಬೇಕು. ಎರವಲು ಚೀಟಿಯ ಮೇಲೆ, ಕೊಳವೆಯ ಮೇಲೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಈ ಎಚ್ಚರಿಕೆ ಇರಬೇಕು. ಗ್ರಂಥಾಲಯದ ಮೇಲ್ವಿಚಾರಕರಿಗೂ ಊರಿನ ಒಬ್ಬ ವಿಜ್ಞಾನ ಶಿಕ್ಷಕರಿಗೂ ಒಂದು ದಿನದ ತರಬೇತಿ ಕೊಡಿಸಬೇಕು. ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರು ಪಿಲಿಕುಳದ ವಿವೇಕಾನಂದ ತಾರಾಲಯದಂಥ ಸಂಸ್ಥೆಗಳು ಈ ಕೆಲಸಕ್ಕೆ ಮುಂದಾಗಲಿ.

ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ದೀಪದ ಬೇಡಿಕೆಗಳ ಜೊತೆ ಇದನ್ನೂ ಒಂದು ಸಾಲು ಸೇರಿಸಿ ಬರೆಸಿ: ಅರಿವು ಕೇಂದ್ರಕ್ಕೆ 70 ಮಿ.ಮೀ. ಅಥವಾ 114 ಮಿ.ಮೀ. ಟೆಲಿಸ್ಕೋಪ್ ಒಂದು, ಅಲುಗದ ಸ್ಟ್ಯಾಂಡಿನೊಂದಿಗೆ, ಮನೆಗೆ ಎರವಲು ಕೊಡುವ ಷರತ್ತಿನೊಂದಿಗೆ. ಮುಂದಿನ ಮಾಗಿಯಲ್ಲಿ ರೋಹಿಣಿ ನೆತ್ತಿಗೆ ಬರುವ ಹೊತ್ತಿಗೆ ಅದನ್ನು ನೋಡುವ ಕಣ್ಣುಗಳು ಊರಿನಲ್ಲಿರಲಿ.