ಹೋದ ಕೂಲಿ

ನನ್ನ ತರಗತಿಯ ಹುಡುಗನೊಬ್ಬನಿಗೆ ಥಲಸ್ಸೀಮಿಯಾ ಎಂಬ ಹುಟ್ಟುವ್ಯಾಧಿ. ಮೂರು ವಾರಕ್ಕೊಮ್ಮೆ ಪರರ ರಕ್ತ ಕೊಡಿಸಬೇಕು. ಆ ರಕ್ತದಿಂದ ಮೈಯಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರಹಾಕಲು ಬೇರೆ ಔಷಧಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಈ ವ್ಯಾಧಿಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು, ಸಂತೋಷ. ಆದರೆ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯುವ ದಿನಕ್ಕೆ ಲೆಕ್ಕವಿಟ್ಟವರಾರು? “ಮೇಷ್ಟ್ರೇ, ರಕ್ತ ದುಡ್ಡಿಲ್ಲದೆ ಸಿಗುತ್ತೆ, ಹೋದ ಕೂಲಿ ಸಿಗಲ್ಲ” ಎಂದರು ಆಕೆ. ನಾನೋ, ಹಾಜರಿ ಪುಸ್ತಕ ಹಿಡಿದು ಆ ಹುಡುಗನನ್ನು ಗದರಿಸಿದ್ದವನು! ಇಂಥ ಮನೆಗೆ ನಮ್ಮ ಕನಿಕರಕ್ಕಿಂತ ಮೊದಲು ಸಲ್ಲಬೇಕಾದುದು ಬಸ್ಸಿನ ಖರ್ಚು, ಆ ದಿನದ ಕೂಲಿ, ಮಗುವಿಗೆ ತಪ್ಪಿದ ಪಾಠ. ಮೊದಲೆರಡನ್ನು ಸರಕಾರವೇ ಹೊರಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮೂರನೆಯದನ್ನು ಕಳೆದ ಸೋಮವಾರ ಸಂಜೆ ಅವರ ಜಗಲಿಯ ಮೇಲೆ ಆರಂಭಿಸಿದ್ದೇನೆ.